ಹತ್ತೂವರೆ ಎಂದು ಬರೆದ ಗೆರೆ

ಮೇ ತಿಂಗಳ ಮೂರನೇ ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ನಂಜನಗೂಡಿನ ನಮ್ಮ ಕಚೇರಿಗೆ ನರಸೀಪುರದಿಂದ ಫೋನು ಬಂತು. ಮಾತಾಡಿದವರು ಅಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸು. ನಮ್ಮ ಪತ್ರಿಕೆಯ ಆ ತಿಂಗಳ ಸಂಚಿಕೆಯೊಳಗೆ ಮಡಚಿಟ್ಟಿದ್ದ ಕಟಿಂಗ್ ಹಾಳೆಯ ಪ್ರಕಾರ ಕತ್ತರಿಸಿ, ಅಲ್ಲಿನ ಒಂದು ಖಾಸಗಿ ಶಾಲೆಯ ಶಿಕ್ಷಕಿಯರಿಗೆ ನಲವತ್ತೊಂದು ರವಿಕೆ ಹೊಲಿದಿದ್ದರು. ಹಿಂದಿನ ದಿನ ಐದು ಜನ ತೊಟ್ಟು ನೋಡಿದ್ದರು. ಐದೂ ಬಿಗಿ. ಒಬ್ಬರದು ಹುಕ್ಕು ಕಿತ್ತುಬಂದಿತ್ತು. ಶಾಲೆ ಶುರುವಾಗಲು ಹನ್ನೆರಡು ದಿನ ಉಳಿದಿತ್ತು.

"ಮೇಡಮ್ಮ, ನಿಮ್ ಕಾಗ್ದದಲ್ಲಿ ಏನಾರ ಎಚ್ಚುಕಮ್ಮಿ ಆಗದಾ ಅಂತ ಒಸಿ ನೋಡಿ. ನಂದೇ ತಪ್ಪಿದ್ರೂ ಇರ್ಬೋದು, ಕೇಳನ ಅಂತ ಮಾಡ್ದೆ," ಅಂದರು.

ನೋಡಿ ಹೇಳುತ್ತೇನೆ ಎಂದೆ. ದಿನಚರಿಯಲ್ಲಿ ಗುರುತು ಹಾಕಿಕೊಂಡೆ: ಒಟ್ಟು ನಲವತ್ತೊಂದು, ತೊಟ್ಟು ನೋಡಿದ್ದು ಐದು, ಆಗದಿದ್ದುದು ಐದು.

ನಮ್ಮದು ಹೆಂಗಸರ ಫ್ಯಾಷನ್ ಮಾಸಪತ್ರಿಕೆ, ಆದರೆ ಮೈ ಮುಚ್ಚುವ ಉಡುಪಿನದು. ಶಾಲೆ, ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ ಎಂದು ದಿನವೂ ಜನರೆದುರು ನಿಂತು ಕೆಲಸ ಮಾಡುವವರು ಓದುತ್ತಾರೆ. ಬೆನ್ನು ತುಂಬ ಮುಚ್ಚುವ ರವಿಕೆ, ಮೊಣಕೈವರೆಗಿನ ತೋಳು, ಉದ್ದನೆಯ ಕುರ್ತಾ, ಜಾರದ ಹಾಗೆ ಪಿನ್ನು ಹಾಕುವ ದುಪಟ್ಟಾ, ತಲೆಗೆ ಸುತ್ತುವ ಸ್ಕಾರ್ಫು. ಹೀಗೆ ಉಟ್ಟವರು ಚೆಂದ ಕಾಣಬಾರದು ಅಂತ ಯಾರು ಹೇಳಿದ್ದು ಎಂಬುದು ನಮ್ಮ ಸಂಪಾದಕಿಯ ಹಳೆಯ ಪ್ರಶ್ನೆ. ನಂಜನಗೂಡಿನ ಬಟ್ಟೆ ವ್ಯಾಪಾರದ ಮನೆತನದ ಅವರು ಪತ್ರಿಕೆ ಶುರು ಮಾಡಿದ್ದೇ ಆ ಪ್ರಶ್ನೆಯಿಂದ.

ಯಾವ ಉಡುಪೂ ನಮ್ಮ ಪುಟಕ್ಕೆ ಬರುವ ಮುಂಚೆ ನಾಲ್ಕು ಪರೀಕ್ಷೆ ದಾಟಬೇಕು. ಅದನ್ನು ತೊಟ್ಟವರು ಬೋರ್ಡಿನ ಮೇಲ್ತುದಿಗೆ ಕೈಯೆತ್ತಿ ಬರೆಯಬೇಕು. ಬಗ್ಗಿ ನೆಲದ ಮೇಲಿನ ಕೊಡ ಎತ್ತಬೇಕು. ಬಸ್ಸಿನ ಕಂಬಿ ಹಿಡಿದ ಹಾಗೆ ಎರಡೂ ಕೈ ಮೇಲೆ ಮಾಡಿ ನಿಲ್ಲಬೇಕು. ಸ್ಕೂಟರಿನ ಹಿಂದೆ ಕೂತು ಇಳಿಯಬೇಕು. ಬೆನ್ನೋ ಸೊಂಟವೋ ಇಣುಕಿದರೆ ಫೇಲು. ಲೆಕ್ಕ ಇಡುವುದು ನನ್ನ ಕೆಲಸ. ಆ ವರ್ಷ ಅಷ್ಟರೊಳಗೆ ಅರವತ್ತೆರಡು ಉಡುಪು ಬಂದಿದ್ದವು, ಪಾಸಾದದ್ದು ಇಪ್ಪತ್ತೇಳು. ಈ ರವಿಕೆ ನಾಲ್ಕರಲ್ಲೂ ಪಾಸಾಗಿತ್ತು.

ಪಾಸಾದ ಉಡುಪಿನ ಕಟಿಂಗ್ ಹಾಳೆಯನ್ನು ನಿಜವಾದ ಅಳತೆಯಲ್ಲೇ ಅಚ್ಚು ಹಾಕಿ ಸಂಚಿಕೆಯ ಜೊತೆ ಕೊಡುತ್ತೇವೆ. ಮೂವತ್ತನಾಲ್ಕು, ಮೂವತ್ತಾರು, ಮೂವತ್ತೆಂಟು, ನಲವತ್ತು ಹೀಗೆ ನಾಲ್ಕು ಸೈಜಿಗೆ ನಾಲ್ಕು ಬಗೆಯ ಗೆರೆ. ಬೇಕಾದ ಗೆರೆಯ ಮೇಲೆ ಹಾಳೆ ಕತ್ತರಿಸಿ, ಬಟ್ಟೆಯ ಮೇಲಿಟ್ಟು, ಚಾಕ್‌ನಲ್ಲಿ ಗುರುತು ಮಾಡಿಕೊಂಡರಾಯಿತು. ಅಚ್ಚಾದ ಮೊದಲ ಹಾಳೆ ಬಂದ ಕೂಡಲೇ ನಮ್ಮ ಕಚೇರಿಯ ಟೈಲರು ಅದರಿಂದಲೇ ಇನ್ನೊಂದು ರವಿಕೆ ಹೊಲಿದು ನೋಡಬೇಕು, ಆಮೇಲೆ ನಾನು ರಿಜಿಸ್ಟರಿನಲ್ಲಿ 'ಅಳತೆ ಸರಿ' ಎಂದು ಗುರುತು ಹಾಕಬೇಕು. ಇದೂ ಪದ್ಧತಿ. ಆ ತಿಂಗಳು ಟೈಲರು ಮಗಳ ಬಾಣಂತನಕ್ಕೆ ಕವಲಂದೆಗೆ ಹೋಗಿದ್ದರು. ಮೈಸೂರಿನ ಪ್ರೆಸ್ಸಿನವರು ಎರಡು ದಿನ ತಡ ಮಾಡಿದ್ದರು. ಹಾಳೆಯ ಪ್ರೂಫು ನನ್ನ ಮೊಬೈಲಿಗೆ ಬಂತು. ಹುಲ್ಲಹಳ್ಳಿಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಗೆರೆಗಳೆಲ್ಲ ಇದ್ದವು, ಅಂಕಿಗಳೆಲ್ಲ ಸರಿಯಿದ್ದವು. ಓಕೆ ಎಂದು ಕಳಿಸಿದೆ. ಕಚೇರಿಗೆ ಬಂದು ರಿಜಿಸ್ಟರಿನಲ್ಲಿ ಗುರುತು ಹಾಕಿದೆ.

ಒಂದು ಗಜ ಅಗಲದ ಕಾಗದದ ಅಳತೆಯನ್ನು ಅಂಗೈಯಷ್ಟು ಗಾಜಿನ ಮೇಲೆ ನೋಡಿ ಸರಿ ಎಂದಿದ್ದೆ ಅನ್ನುವುದು ಆ ಬುಧವಾರ ಫೋನು ಇಟ್ಟ ಮೇಲೆ ಹೊಳೆಯಿತು.

ಹಾಳೆ ತೆಗೆದು ಮೇಜಿನ ಮೇಲೆ ಹರಡಿ, ಟೇಪು ಹಿಡಿದೆ. ಮೂವತ್ತಾರರ ಮುಂಭಾಗದ ಎದೆಗೆರೆಯ ಮೇಲೆ ಹೊಲಿಗೆಯ ಅಂಚು ಸೇರಿ ಹತ್ತೂವರೆ ಇಂಚು ಎಂದು ಅಚ್ಚಾಗಿತ್ತು. ಟೇಪಿನಲ್ಲಿ ಹತ್ತು ಬಂತು. ಟೇಪು ಹಳೆಯದಾಗಿ ಎಳೆದುಕೊಂಡಿರಬಹುದೆಂದು ಉಕ್ಕಿನ ಸ್ಕೇಲು ತಂದು ಅಳೆದೆ. ಹತ್ತೇ. ಬೇರೆ ಮೂರು ಪ್ರತಿ ಬಿಡಿಸಿ ಅಳೆದೆ. ಹತ್ತು, ಹತ್ತು, ಹತ್ತು. ಕಾಲುಭಾಗಕ್ಕೆ ಅರ್ಧ ಇಂಚಾದರೆ ಸುತ್ತಳತೆಗೆ ಎರಡು ಇಂಚು. ಉದ್ದ ಹದಿನೈದು ಎಂದಿದ್ದಲ್ಲಿ ಹದಿನಾಲ್ಕೂಕಾಲು. ಮೂವತ್ತಾರು ಎಂದು ಬರೆದ ರವಿಕೆ ನಿಜಕ್ಕೂ ಮೂವತ್ತನಾಲ್ಕರದು, ಅದೂ ಗಿಡ್ಡ. ಕೈಯೆತ್ತಿದರೆ ಸೊಂಟ ಕಾಣುತ್ತದೆ.

ಪ್ರೆಸ್ಸಿಗೆ ಫೋನು ಮಾಡಿದೆ. ಮಿಷಿನ್ನು ಕಾಗದ ಹಿಡಿಯಲು ಅಂಚಿನಲ್ಲಿ ಜಾಗ ಬೇಕು, ನಿಮ್ಮ ಗೆರೆ ಅಂಚಿನವರೆಗೂ ಇತ್ತು, ಅದಕ್ಕೆ ಐದು ಪರ್ಸೆಂಟು ಇಳಿಸಿಕೊಂಡೆವು ಎಂದು ಅಲ್ಲಿನ ಆಪರೇಟರು ಏನೂ ವಿಶೇಷವಿಲ್ಲದ ಹಾಗೆ ಹೇಳಿದರು. ಮದುವೆ ಕಾರ್ಡು, ಪೋಸ್ಟರು ಎಲ್ಲಕ್ಕೂ ಹಾಗೇ ಮಾಡುವುದಂತೆ. "ಪ್ರೂಫ್ ಕಳ್ಸಿದ್ವಲ್ಲ ಮೇಡಂ, ನೀವೇ ಓಕೆ ಅಂದ್ರಿ," ಎಂದರು.

ಮಧ್ಯಾಹ್ನ ಸಂಪಾದಕಿಯ ಕೋಣೆಗೆ ಹೋಗಿ ಹಾಳೆ, ಸ್ಕೇಲು, ರಿಜಿಸ್ಟರು ಮೂರನ್ನೂ ಮುಂದಿಟ್ಟೆ. ಅವರು ತಾವೇ ಅಳೆದು ನೋಡಿದರು. ಬೈಯಲಿಲ್ಲ. ರಿಜಿಸ್ಟರನ್ನು ಮುಚ್ಚಿ ತಮ್ಮ ಡ್ರಾಯರಿಗೆ ಹಾಕಿಕೊಂಡರು.

"ನೋಡಮ್ಮ, ಆ ಹೆಂಗಸಿಗೆ ಏನು ಬೇಕೋ ಮಾಡಿಕೊಡೋಣ. ಬಟ್ಟೆ ಬೇಕಾದ್ರೆ ನಮ್ಮ ಅಂಗಡಿಯಿಂದ ಕಳಿಸ್ತೀನಿ. ಆದ್ರೆ ಹಾಳೆ ತಪ್ಪು ಅಂತ ನಮ್ಮ ಬಾಯಲ್ಲಿ ಬರಬಾರದು. ಒಂದು ಸಲ ಬಂತು ಅಂದ್ರೆ ಮುಂದೆ ನಮ್ಮ ಗೆರೆ ಮೇಲೆ ಯಾರಮ್ಮ ಕತ್ತರಿ ಇಡ್ತಾರೆ?"

ಮುಂದಿನ ಸಂಚಿಕೆಯಲ್ಲಿ 'ಪರಿಷ್ಕೃತ' ಎಂದು ಹೊಸ ಹಾಳೆ ಕೊಟ್ಟರೆ ಸಾಕು ಎಂಬುದು ಅವರ ತೀರ್ಮಾನ. ಫೋನು ಬಂದರೆ ಏನು ಹೇಳಬೇಕೆಂದೂ ತಿಳಿಸಿದರು. ಬಟ್ಟೆ ನೆನೆಸದೆ ಕತ್ತರಿಸಿದ್ದೀರಾ ಎಂದು ಕೇಳಬೇಕು. ಕಾಟನ್ನು ಕುಗ್ಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅನುಮಾನ ತಾನಾಗಿ ಆ ಕಡೆ ಹೋಗುತ್ತದೆ.

ನಾನು ನರಸೀಪುರಕ್ಕೆ ಫೋನು ಮಾಡಿ ಹಾಗೇ ಕೇಳಿದೆ. ಇದನ್ನು ಬರೆಯದೆ ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

"ಎಲ್ಡ್ ದಪ ನೆನ್ಸಿ, ನೆಳ್ಳಲ್ಲಿ ಒಣಗ್ಸಿ, ಇಸ್ತ್ರಿ ಮಾಡಿ ಕತ್ರಿ ಆಕಿವ್ನಿ ಕಣವ್ವ," ಅಂದರು ನರಸೀಪುರದ ಆ ಟೈಲರಕ್ಕ. "ಇಪ್ಪತ್ತ್ ವರ್ಸದಿಂದ ಒಲೀತಿವ್ನಿ. ಬಟ್ಟೆ ನೆನ್ಸದ ಮರ್ತನಾ ನಾನು?"

ಗುರುವಾರ, ಶಾಲೆಗೆ ಇನ್ನು ಹನ್ನೊಂದು ದಿನ. ಅದೇ ಹಾಳೆಯ ಬಗ್ಗೆ ಓದುಗರಿಂದ ಏಳು ಫೋನು ಬಂದವು. ಬಿಗಿ ಎಂದು ಜಗಳಕ್ಕೆ ಬಂದವರು ಇಬ್ಬರೇ. ಉಳಿದ ಐವರೂ ತಪ್ಪನ್ನು ತಮ್ಮ ಮೈಯ ಮೇಲೆ ಹಾಕಿಕೊಂಡಿದ್ದರು. ಮೂಗೂರಿನ ಒಬ್ಬರು, ಎರಡನೇ ಹೆರಿಗೆಯ ನಂತರ ದಪ್ಪಗಾಗಿದ್ದೇನೆ, ಹಾಳೆಯನ್ನು ಹೇಗೆ ಅಗಲ ಮಾಡಿಕೊಳ್ಳಬೇಕು ಎಂದು ನಾಚಿಕೊಂಡು ಕೇಳಿದರು. ಅಂಗನವಾಡಿಯ ಒಬ್ಬರು ರಾತ್ರಿ ಊಟ ಬಿಟ್ಟಿದ್ದಾರಂತೆ. ಮೈ ಹೇಗಿದ್ದರೂ ಸಂಕೋಚವಿಲ್ಲದೆ ಉಡಬಹುದು ಎಂದು ಬರೆಯುವ ಪತ್ರಿಕೆಯಲ್ಲಿ ಕೂತು, ಬಟ್ಟೆ ನೆನೆಸಿದ್ರಾ ಎಂದು ನಾನು ಏಳೂ ಜನರನ್ನು ಕೇಳಿದೆ.

ಸಂಜೆ ಟೈಲರಕ್ಕನೇ ಮತ್ತೆ ಫೋನು ಮಾಡಿದರು. ಶಾಲೆಯ ಹೆಡ್‌ಮಿಸ್ಸು ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿ, ನಾಲ್ಕು ಗಿರಾಕಿಗಳ ಎದುರಿಗೆ, ನಲವತ್ತೊಂದು ಮೀಟರು ಕೊಟ್ಟಿದ್ದೆ, ಇಷ್ಟು ಚಿಕ್ಕ ಬ್ಲೌಸಾದರೆ ಮಿಕ್ಕ ಬಟ್ಟೆ ಎಲ್ಲಿ ಹೋಯಿತು ಎಂದು ಕೇಳಿದ್ದರಂತೆ. ಹೊಲಿಗೆಯವರು ಬಟ್ಟೆ ಉಳಿಸಿಕೊಳ್ಳುತ್ತಾರೆ ಅನ್ನುವುದು ಎಲ್ಲ ಊರಿನಲ್ಲೂ ಇರುವ ಮಾತು. ಅದನ್ನು ಒಮ್ಮೆ ಅಂಟಿಸಿದರೆ ಬಿಡಿಸುವುದು ಕಷ್ಟ. ಅಷ್ಟರಲ್ಲೇ ಇಬ್ಬರು ತಾವು ಕೊಟ್ಟಿದ್ದ ಬಟ್ಟೆಯನ್ನು ಹೊಲಿಸದೆ ವಾಪಸ್ಸು ಒಯ್ದಿದ್ದರು. ಮರುದಿನ ಎಲ್ಲ ಶಿಕ್ಷಕಿಯರನ್ನೂ ಕರೆದು ತೊಡಿಸಿ ನೋಡುತ್ತಾರಂತೆ. ನಿಮ್ಮ ಕಚೇರಿಯಿಂದ ಯಾರಾದರೂ ಬಂದರೆ ಒಳ್ಳೆಯದಿತ್ತು ಅಂದರು ಟೈಲರಕ್ಕ.

ಶುಕ್ರವಾರ, ಹತ್ತು ದಿನ. ಸಂಪಾದಕಿ ಆರು ಮೀಟರು ಬಟ್ಟೆ ಕೊಟ್ಟು, ಒಂದು ಪತ್ರ ಬರೆದು ಕಳಿಸಿದರು. ನಮ್ಮ ಓದುಗರಿಗೆ ತೊಂದರೆಯಾದದ್ದಕ್ಕೆ ವಿಷಾದ, ಪ್ರೀತಿಯಿಂದ ಈ ಬಟ್ಟೆ ಎಂದು ಅದರಲ್ಲಿತ್ತು. ಏನಾಯಿತು ಎಂದು ಇರಲಿಲ್ಲ. ನಂಜನಗೂಡಿನಿಂದ ನರಸೀಪುರಕ್ಕೆ ನೇರ ಬಸ್ಸು ಕಡಿಮೆ, ಇದ್ದ ಒಂದರಲ್ಲಿ ದಾರಿಯುದ್ದಕ್ಕೂ ನಿಂತೇ ಹೋದೆ. ಕೈಚೀಲದಲ್ಲಿ ಪತ್ರ, ಬಟ್ಟೆ, ದಿನಚರಿ. ಯಾಕೆ ಹಾಕಿಕೊಂಡೆನೋ ಗೊತ್ತಿಲ್ಲ, ಕಟಿಂಗ್ ಹಾಳೆಯ ಒಂದು ಪ್ರತಿಯೂ ಇತ್ತು.

ಶಾಲೆಯ ಸ್ಟಾಫ್ ರೂಮಿನಲ್ಲಿ ತೊಡಿಸಿ ನೋಡುವ ಏರ್ಪಾಡಾಗಿತ್ತು. ಹೆಂಗಸರು ರವಿಕೆ ಬದಲಿಸಬೇಕಲ್ಲ, ಅದಕ್ಕೆ ಕಿಟಕಿಗಳಿಗೆಲ್ಲ ಹಳೆಯ ಪೇಪರು ಅಂಟಿಸಿ, ಒಳಗಿನಿಂದ ಬಾಗಿಲ ಚಿಲಕ ಹಾಕಿದ್ದರು. ಕರೆಂಟು ಹೋಗಿತ್ತು. ಮೇ ತಿಂಗಳ ಸೆಖೆಯಲ್ಲಿ ನಲವತ್ತೊಂದು ಶಿಕ್ಷಕಿಯರು, ಹೆಡ್‌ಮಿಸ್ಸು, ಟೈಲರಕ್ಕ, ನಾನು. ಯಾರಾದರೂ ಬಾಗಿಲು ತೆಗೆಯಿರಿ ಎಂದಾಗಲೆಲ್ಲ ಅರ್ಧ ಹುಕ್ಕು ಹಾಕಿದವರೊಬ್ಬರು ತಡೀರಿ ತಡೀರಿ ಎನ್ನುತ್ತಿದ್ದರು. ಹನ್ನೊಂದು ಗಂಟೆಯಿಂದ ಒಂದೂವರೆವರೆಗೆ ಆ ಚಿಲಕ ತೆಗೆಯಲೇ ಇಲ್ಲ.

ಟೈಲರಕ್ಕನನ್ನು ಅವತ್ತೇ ಮೊದಲು ನೋಡಿದ್ದು. ನಲವತ್ತೈದರ ಹತ್ತಿರದವರು, ಕುತ್ತಿಗೆಯಲ್ಲಿ ಟೇಪು, ಬೆರಳ ತುದಿಗಳಲ್ಲಿ ಸೂಜಿ ಗೀರು. ನಾನು ಬಟ್ಟೆ ನೆನೆಸಿದ್ರಾ ಎಂದು ಕೇಳಿದವಳೆಂದು ಗೊತ್ತಿದ್ದರೂ ನನಗೊಂದು ಕುರ್ಚಿ ಎಳೆದುಕೊಟ್ಟರು. ನಾನು ಲೆಕ್ಕ ಬರೆಯುತ್ತ ಹೋದೆ. ಮೂವತ್ತನಾಲ್ಕರವು ಒಂಬತ್ತು, ಮೂವತ್ತಾರರವು ಹದಿನಾಲ್ಕು, ಮೂವತ್ತೆಂಟರವು ಹನ್ನೆರಡು, ನಲವತ್ತರವು ಆರು. ಬಿಗಿ ನಲವತ್ತೊಂದು. ಹುಕ್ಕು ಹಾಕಲಾಗದ್ದು ಹದಿನೇಳು. ಕೈಯೆತ್ತಿದಾಗ ಸೊಂಟ ಕಂಡದ್ದು ನಲವತ್ತೊಂದು.

ಗಣಿತ ಹೇಳುವ ಹಿರಿಯ ಶಿಕ್ಷಕಿಯೊಬ್ಬರು ಗೋಡೆಯ ಬೋರ್ಡಿನ ಹತ್ತಿರ ಹೋಗಿ ಕೈಯೆತ್ತಿ ನೋಡಿ ಇಳಿಸಿದರು. "ಮೈ ಮುಚ್ಚೋ ಬ್ಲೌಸು ಅಂದ್ರು, ಇದು ಉಸಿರು ಮುಚ್ಚತ್ತೆ ಕಣ್ರೀ. ಈ ವರ್ಷ ಮಕ್ಕಳಿಗೆ ಬೋರ್ಡಿನ ಕೆಳಗಡೆ ಅರ್ಧ ಮಾತ್ರ ಲೆಕ್ಕ," ಎಂದರು. ಎಲ್ಲರೂ ನಕ್ಕರು. ಹೆಡ್‌ಮಿಸ್ಸು ನಗಲಿಲ್ಲ.

ಅವರು ಕೆಟ್ಟವರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆ ಪುಟ ಕತ್ತರಿಸಿಟ್ಟುಕೊಂಡು, ನಮ್ಮ ಶಾಲೆಯವರೆಲ್ಲ ಹೀಗೇ ಉಡಬೇಕೆಂದು ಆಸೆಪಟ್ಟು, ಆಡಳಿತ ಮಂಡಳಿಯ ಹತ್ತಿರ ವಾದ ಮಾಡಿ ಬಟ್ಟೆ ತರಿಸಿದ್ದರು. ಈಗ ಅಲ್ಲಿ ಉತ್ತರ ಹೇಳಬೇಕಿತ್ತು. ಟೈಲರಕ್ಕನ ಕಡೆ ತಿರುಗಿ, ಚೂರು ಬಟ್ಟೆ ತರೋಕೆ ಹೇಳಿದ್ದೆನಲ್ಲ, ತಂದಿದ್ದೀರಾ ಎಂದು ಕೇಳಿದರು.

ಟೈಲರಕ್ಕ ಒಂದು ಗೋಣಿಚೀಲವನ್ನು ಮಧ್ಯಕ್ಕೆ ಎಳೆದು ತಂದರು. ರವಿಕೆಯ ಜೊತೆ ಮಿಕ್ಕ ಚೂರುಗಳನ್ನೂ ಗಂಟು ಕಟ್ಟಿ ಗಿರಾಕಿಗೆ ವಾಪಸ್ಸು ಕೊಡುವುದು ಅವರ ಅಂಗಡಿಯ ಪದ್ಧತಿಯಂತೆ. ಇದು ಒಟ್ಟಿಗೆ ಹೊಲಿದ ಕೆಲಸ, ಆದ್ದರಿಂದ ಸೈಜಿಗೊಂದು ಗಂಟು. ಬಟ್ಟೆಯನ್ನು ಒಂದರ ಮೇಲೊಂದು ಪೇರಿಸಿ ಒಂದೇ ಸಲ ಕತ್ತರಿಸಿದ್ದರಿಂದ ಮೂವತ್ತಾರರ ಗಂಟಿನಲ್ಲಿ ಪ್ರತಿಯೊಂದು ಆಕಾರದ ಚೂರೂ ಹದಿನಾಲ್ಕು ಹದಿನಾಲ್ಕು ಇದ್ದವು. ಅವರು ಒಂದು ರವಿಕೆ ತೆಗೆದುಕೊಂಡು ಬ್ಲೇಡಿನಿಂದ ಎಲ್ಲ ಹೊಲಿಗೆ ಬಿಚ್ಚಿದರು. ಬೆನ್ನು, ಎರಡು ಮುಂಭಾಗ, ಎರಡು ತೋಳು, ಪಟ್ಟಿಗಳು. ಅವನ್ನೆಲ್ಲ ನೆಲದ ಮೇಲೆ ಹರಡಿ, ಪ್ರತಿ ಆಕಾರದಿಂದ ಒಂದೊಂದು ಚೂರು ತೆಗೆದು ನಡುವೆ ಕೂರಿಸುತ್ತ ಬಂದರು. ಶಿಕ್ಷಕಿಯರು ಬಗ್ಗಿ ನಿಂತು ನೋಡಿದರು. ಕಾಲು ಗಂಟೆಯಲ್ಲಿ ಒಂದು ಮೀಟರು ಬಟ್ಟೆ ನೆಲದ ಮೇಲೆ ಮತ್ತೆ ಪೂರ್ತಿಯಾಯಿತು. ಎಲ್ಲೂ ಬೆರಳಷ್ಟು ಜಾಗ ಖಾಲಿ ಇರಲಿಲ್ಲ. ಉಳಿದ ಗಂಟುಗಳ ಚೂರುಗಳನ್ನು ನಾನೇ ಎಣಿಸಿದೆ. ಹನ್ನೆರಡರಲ್ಲಿ ಹನ್ನೆರಡು, ಒಂಬತ್ತರಲ್ಲಿ ಒಂಬತ್ತು, ಆರರಲ್ಲಿ ಆರು.

ಹೆಡ್‌ಮಿಸ್ಸು ಬಹಳ ಹೊತ್ತು ನೋಡಿದರು. "ಸರಿ. ಬಟ್ಟೆ ಎಲ್ಲೂ ಹೋಗಿಲ್ಲ. ಹಾಗಾದ್ರೆ ಬಿಗಿ ಯಾಕಾಯ್ತು?"

ಟೈಲರಕ್ಕ ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಕೂತೇ ಇದ್ದರು. "ನನ್ ಕತ್ರಿನೇ ತಪ್ಪಿರ್ಬೋದು ಮಿಸ್ಸು," ಅಂದರು.

ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಕೆಲಸ ಬಾರದವಳು ಅನ್ನಿಸಿಕೊಳ್ಳುವುದು ವಾಸಿ ಎಂದು ಅವರು ಲೆಕ್ಕ ಹಾಕಿದ್ದರು. ಇಪ್ಪತ್ತು ವರ್ಷದ ಕೈಯನ್ನು ನನ್ನ ಕಣ್ಣೆದುರಿಗೆ ಬಿಟ್ಟುಕೊಡುತ್ತಿದ್ದರು. ನನ್ನ ಕೈಚೀಲದಲ್ಲಿ ಹಾಳೆ ಇತ್ತು. ಅದನ್ನು ತೆಗೆದರೆ ನಂಜನಗೂಡಿಗೆ ಹೋಗಿ ಯಾವ ಮುಖ ಇಟ್ಟುಕೊಂಡು ನಿಲ್ಲುವುದು, ತೆಗೆಯದಿದ್ದರೆ ಈ ಕೋಣೆಯಿಂದ ಹೇಗೆ ಆಚೆ ಹೋಗುವುದು, ಎರಡೂ ತಿಳಿಯಲಿಲ್ಲ. ಬಾಗಿಲ ಕಡೆ ನೋಡಿದೆ. ಯಾರೋ ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಹಾಳೆ ತೆಗೆದು, ನೆಲದ ಮೇಲಿನ ಬಟ್ಟೆಯ ಪಕ್ಕದಲ್ಲೇ ಹಾಸಿದೆ. ಟೈಲರಕ್ಕನ ಕುತ್ತಿಗೆಯ ಟೇಪು ಕೇಳಿ ಇಸಿದುಕೊಂಡು, ಅದನ್ನು ಹೆಡ್‌ಮಿಸ್ಸಿನ ಕೈಗೆ ಕೊಟ್ಟು, ಈ ಗೆರೆ ಅಳೆಯಿರಿ ಎಂದೆ. ಅವರು ಅಳೆದರು. ಏನು ಬರೆದಿದೆ ಓದಿ ಎಂದೆ. ಓದಿದರು. ಮತ್ತೆ ಅಳೆದರು. ಗಣಿತದ ಶಿಕ್ಷಕಿ ಟೇಪು ತೆಗೆದುಕೊಂಡು ತಾವೊಮ್ಮೆ ಅಳೆದರು.

ಪ್ರೆಸ್ಸಿನಲ್ಲಿ ಚಿಕ್ಕದಾಯಿತು, ಅದನ್ನು ನೋಡಬೇಕಾದವಳು ನಾನು, ನಾನು ಫೋನಿನಲ್ಲಿ ನೋಡಿ ಸರಿ ಎಂದು ಗುರುತು ಹಾಕಿದೆ, ಇವರ ಕತ್ತರಿ ಹಾಳೆಯ ಗೆರೆ ಬಿಟ್ಟು ಎಲ್ಲೂ ಹೋಗಿಲ್ಲ ಎಂದೆ. ಮೊನ್ನೆ ಬಟ್ಟೆ ನೆನೆಸಿದ್ರಾ ಎಂದು ಕೇಳುವಾಗ ನನಗೆ ಇದು ಗೊತ್ತಿತ್ತು ಎಂದೂ ಹೇಳಿದೆ. ಆಗ ಟೈಲರಕ್ಕ ತಲೆಯೆತ್ತಿ ನೋಡಿದರು.

"ಗೊತ್ತಿತ್ತಾ?" ಎಂದು ಕೇಳಿದರು. ಅಷ್ಟೇ ಕೇಳಿದ್ದು.

ಹೆಡ್‌ಮಿಸ್ಸು ಟೇಪು ಸುತ್ತಿ ವಾಪಸ್ಸು ಕೊಟ್ಟರು. ಶುರುವಾಗುವ ದಿನಕ್ಕೆ ನಲವತ್ತೊಂದೂ ಸರಿಯಾಗಿರಬೇಕು, ಹೇಗೆ ಅನ್ನುವುದು ನಿಮ್ಮಿಬ್ಬರಿಗೆ ಬಿಟ್ಟದ್ದು ಎಂದರು. ಟೈಲರಕ್ಕನಿಗೆ ಬೇರೇನೂ ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಿಂದ ಸಂಪಾದಕಿಗೆ ಫೋನು ಮಾಡಿ ನಡೆದದ್ದನ್ನು ತಿಳಿಸಿದೆ. ಗುರುವಾರ ಸಂಚಿಕೆ ಪ್ರೆಸ್ಸಿಗೆ ಹೋಗಬೇಕು, ಅಷ್ಟರೊಳಗೆ ಆ ಕೆಲಸ ಮುಗಿಸಿಕೊಂಡು ಬಾ, ಮಾತು ಆಮೇಲೆ ಎಂದು ಇಟ್ಟುಬಿಟ್ಟರು.

ಶನಿವಾರದಿಂದ ಬುಧವಾರದವರೆಗೆ ಐದು ದಿನ ನಾನು ನರಸೀಪುರದ ಆ ಅಂಗಡಿಯಲ್ಲಿದ್ದೆ. ಹತ್ತಡಿ ಅಗಲದ ಜಾಗ, ಮೂರು ಮಿಷಿನ್ನು. ಮೊದಲ ದಿನವೇ ಒಂದು ತೊಡಕು ಎದುರಾಯಿತು. ಚಿಕ್ಕ ಸೈಜಿನ ಇಪ್ಪತ್ತಮೂರರಲ್ಲಿ ಬಗಲ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಉಳಿದಿತ್ತು. ಅದನ್ನು ಬಿಚ್ಚಿ ಅರ್ಧರ್ಧ ಇಂಚು ಬಿಟ್ಟುಕೊಟ್ಟರೆ ನಾಲ್ಕು ಕಡೆ ಸೇರಿ ಎರಡು ಇಂಚು ಸಿಕ್ಕಿತು. ದೊಡ್ಡ ಸೈಜಿನ ಹದಿನೆಂಟನ್ನು ಮಾತ್ರ ಅವರು ಮೊದಲೇ ಮುಗಿಸಿ ಓವರ್‌ಲಾಕ್ ಮಾಡಿಬಿಟ್ಟಿದ್ದರು. ಆ ಮಿಷಿನ್ನು ಅಂಚು ಹೊಲಿಯುವಾಗಲೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಹಾಕುತ್ತದೆ. ಬಿಚ್ಚಿದರೆ ಬಿಟ್ಟುಕೊಡಲು ಏನೂ ಇರಲಿಲ್ಲ.

ಒಂದಕ್ಕೆ ಪ್ರಯೋಗ ಮಾಡಿದರು. ಕಂಕುಳಿನಿಂದ ಸೊಂಟದವರೆಗೆ ಎರಡೂ ಬದಿಗೆ ಒಂದಿಂಚಿನ ಪಟ್ಟಿ ಸೇರಿಸಿದರು. ತೊಟ್ಟು ನೋಡಿದರೆ ತೋಳು ಮೇಲಕ್ಕೆ ಎಳೆಯುತ್ತಿತ್ತು. ಬಿಚ್ಚಿದರು. ಪಟ್ಟಿಯನ್ನು ಕಂಕುಳಲ್ಲಿ ನಿಲ್ಲಿಸದೆ ತೋಳಿನ ಒಳಗೆರೆಯಲ್ಲೂ ಮೊಣಕೈವರೆಗೆ ಒಂದೇ ಉದ್ದಕ್ಕೆ ಒಯ್ದರು. ಆಗ ಕೂತುಕೊಂಡಿತು. ಕೆಳಗೆ ನಲವತ್ತೊಂದಕ್ಕೂ ಮುಕ್ಕಾಲು ಇಂಚಿನ ಪಟ್ಟಿ. ಎಲ್ಲಕ್ಕೂ ಚೂರು ಬಟ್ಟೆಯೇ ಸಾಕಾಯಿತು. ಸಂಪಾದಕಿ ಕಳಿಸಿದ ಆರು ಮೀಟರಿನ ಬಣ್ಣ ಒಂದು ಛಾಯೆ ಬೇರೆಯಿದ್ದುದರಿಂದ ಮುಟ್ಟಲಿಲ್ಲ. ನನಗೆ ಹೊಲಿಯಲು ಬರುವುದಿಲ್ಲ. ಹೊಲಿಗೆ ಬಿಚ್ಚುವುದು, ದಾರದ ತುಣುಕು ಆರಿಸುವುದು, ಇಸ್ತ್ರಿ ಹಾಕುವುದು ನನ್ನ ಪಾಲು. ಮೊದಲ ದಿನ ಆರು, ಎರಡನೇ ದಿನ ಹನ್ನೊಂದು ಬಿಚ್ಚಿದೆ. ಎರಡು ರವಿಕೆಗೆ ಬ್ಲೇಡು ತಾಗಿಸಿದೆ.

ಟೈಲರಕ್ಕ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಆ ಐದು ದಿನದಲ್ಲಿ ಹೊಸ ಗಿರಾಕಿ ಬಂದದ್ದು ಇಬ್ಬರು. ಸಾಮಾನ್ಯವಾಗಿ ಶಾಲೆ ಶುರುವಾಗುವ ವಾರ ಕೂರಲು ಜಾಗವಿರುವುದಿಲ್ಲವಂತೆ. ಭಾನುವಾರ ಎದುರಿನ ಅಂಗಡಿಯವರು ಹಾದು ಹೋಗುತ್ತ, ಬಟ್ಟೆ ಸಿಕ್ಕಿತಾ ಎಂದು ನಗುತ್ತ ಕೇಳಿದರು. ಅವರು ಹೋದ ಮೇಲೆ ನಾನು, ಶಾಲೆಯಲ್ಲಿ ಎಲ್ಲರಿಗೂ ನಿಜ ಗೊತ್ತಾಗಿದೆಯಲ್ಲ ಎಂದೆ.

ಟೈಲರಕ್ಕ ಮಿಷಿನ್ನು ನಿಲ್ಲಿಸಿದರು. "ನೀ ಏಳಿದ್ದು ಬಾಗ್ಲಾಕ್ಕಂಡು ಮಗ. ನನ್ನ ಕಳ್ಳಿ ಅಂದಿದ್ದು ಬೀದೀಲಿ."

ಅಂಗಡಿಯೊಳಗೆ ಮತ್ತೆ ಮಿಷಿನ್ನಿನ ಸದ್ದು ಶುರುವಾಯಿತು. ಸತ್ಯ ಹೇಳಿ ಹಗುರಾಗಿದ್ದೇನೆ ಎಂದು ಎರಡು ದಿನದಿಂದ ಅಂದುಕೊಂಡಿದ್ದೆ. ಶುಕ್ರವಾರದ ಚಿಲಕದೊಳಗೇ ಇನ್ನೂ ಇದ್ದೇನೆ ಎಂದು ಆಗ ಗೊತ್ತಾಯಿತು. ಬೀದಿಯ ಮಾತಿಗೆ ಬೀದಿಯಲ್ಲೇ ಉತ್ತರ ಹೇಳಬೇಕು. ನನಗೆ ಸಿಗುವ ಬೀದಿ ಒಂದೇ, ಪತ್ರಿಕೆ. ಅದರ ಬಾಗಿಲು ಇನ್ನೊಬ್ಬರ ಕೈಯಲ್ಲಿತ್ತು.

ಬುಧವಾರ ನಾಲ್ಕು ಗಂಟೆಗೆ ನಲವತ್ತೊಂದೂ ಮುಗಿದವು. ಗಣಿತದ ಶಿಕ್ಷಕಿ ಅಂಗಡಿಗೇ ಬಂದು, ತಮ್ಮ ನಲವತ್ತರದನ್ನು ತೊಟ್ಟು, ಗೋಡೆಯ ಕ್ಯಾಲೆಂಡರಿನ ಮೊಳೆಗೆ ಕೈ ಮುಟ್ಟಿಸಿ ತೋರಿಸಿದರು.

ಗುರುವಾರ, ನಾಲ್ಕು ದಿನ. ಹೊಸ ಕಟಿಂಗ್ ಹಾಳೆಯ ಪುಟ ಮಾಡಿದೆ. ಗೆರೆಗಳನ್ನು ಅಂಚಿನಿಂದ ಒಳಗೆ ಸರಿಸಿ, ಇಳಿಸದೆ ಅಚ್ಚು ಹಾಕಬೇಕೆಂದು ಬರೆದೆ. ಮೂಲೆಯಲ್ಲಿ ಐದು ಇಂಚಿನ ಒಂದು ಗೆರೆ ಹಾಕಿ, ಕತ್ತರಿಸುವ ಮುಂಚೆ ಇದನ್ನು ಅಳೆದು ನೋಡಿ ಎಂದು ಸೇರಿಸಿದೆ. ಅದರ ಕೆಳಗೆ ಆರು ಸಾಲು: ಹಿಂದಿನ ಹಾಳೆ ಕಾಲುಭಾಗಕ್ಕೆ ಅರ್ಧ ಇಂಚು ಚಿಕ್ಕದಾಗಿತ್ತು. ಅದರಿಂದ ಹೊಲಿದ ರವಿಕೆ ಬಿಗಿಯಾಗಿದ್ದರೆ ಅದು ತೊಟ್ಟವರ ಮೈಯ ತಪ್ಪಲ್ಲ, ಹೊಲಿದವರ ಕೈಯ ತಪ್ಪಲ್ಲ. ನರಸೀಪುರದ ನಮ್ಮ ಓದುಗರಾದ ಟೈಲರಿಗೆ ಶಾಲೆ ಕೊಟ್ಟಿದ್ದ ಬಟ್ಟೆಯೆಲ್ಲ ಲೆಕ್ಕಕ್ಕೆ ಸಿಕ್ಕಿದೆ.

ಸಂಪಾದಕಿಗೆ ಗೊತ್ತಿಲ್ಲದ ಹಾಗೆ ಅದನ್ನು ಪ್ರೆಸ್ಸಿಗೆ ಕಳಿಸಬಹುದಿತ್ತು. ಕೊನೆಯ ಫೈಲು ಹೋಗುವುದು ನನ್ನ ಕಂಪ್ಯೂಟರಿನಿಂದಲೇ. ನೋಡದೆ ದಾಟಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು. ಪ್ರಿಂಟು ತೆಗೆದು ಅವರ ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. ಐದು ಇಂಚಿನ ಗೆರೆಯನ್ನು ಒಪ್ಪಿಕೊಂಡರು. ಆರು ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆಯಲು ಹೋದವರು ಕೈ ತಡೆದರು. ಇದು ಬರದಿದ್ದರೆ ನಾನು ಹಾಳೆ ಕಳಿಸುವುದಿಲ್ಲ ಎಂದೆ. ಅಷ್ಟು ಗಟ್ಟಿಯಾಗಿ ಅವರೆದುರು ಮಾತಾಡಿದ್ದು ಅದೇ ಮೊದಲು. ಇದಕ್ಕೆ ಹೆಸರು ಕೊಡಬೇಕಾದವಳು ನೀನು, ಮದುವೆಯಾಗದ ಹುಡುಗಿ, ಊರೆಲ್ಲ ಓದುತ್ತದೆ, ಯೋಚನೆ ಮಾಡಿದ್ದೀಯಾ ಎಂದು ಕೇಳಿದರು. ಮಾಡಿದ್ದೇನೆ ಎಂದೆ. ಮಾಡಿರಲಿಲ್ಲ.

"ಹಾಗಾದ್ರೆ ಹಾಕು. ಆದ್ರೆ ಪತ್ರಿಕೆ ಹೇಳ್ತಿದೆ ಅಂತ ಬೇಡ. ನೋಡದೆ ಗುರುತು ಹಾಕಿದ್ದು ನೀನು ತಾನೇ? ನಿನ್ನ ಹೆಸರಲ್ಲಿ ಹಾಕು. ಊರು ಸಮೇತ."

ಮೂರು ವರ್ಷದಲ್ಲಿ ಆ ಪತ್ರಿಕೆಯಲ್ಲಿ ನನ್ನ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ಕೂತು ಬರೆದೆ: ಅಳೆಯದೆ 'ಅಳತೆ ಸರಿ' ಎಂದು ಗುರುತು ಹಾಕಿದವಳು ನಾನು. ಕೆಳಗೆ ಪೂರ್ತಿ ಹೆಸರು, ಹುಲ್ಲಹಳ್ಳಿ, ನಂಜನಗೂಡು ತಾಲ್ಲೂಕು.

ಸಂಚಿಕೆ ಬಂದ ಮೇಲೆ ಹದಿನಾಲ್ಕು ಫೋನು ಬಂದವು. ಮೂಗೂರಿನವರು ನಕ್ಕರು, ಅಂಗನವಾಡಿಯವರು ಊಟ ಶುರು ಮಾಡಿದ್ದೇನೆ ಎಂದರು, ಇಬ್ಬರು ಚೆನ್ನಾಗಿ ಬೈದರು. ಊರಿನ ಬಸ್ಸಿನಲ್ಲಿ ಪರಿಚಯದವರೊಬ್ಬರು, ಪೇಪರಲ್ಲಿ ನಿನ್ನ ಹೆಸರು ಬಂದಿದೆಯಂತಲ್ಲ ಎಂದು ಕೇಳಿ, ಯಾಕೆ ಅನ್ನುವುದನ್ನು ಕೇಳದೆ ಸುಮ್ಮನಾದರು. ಅಪ್ಪ ಪುಟವನ್ನು ಓದಿ ಮಡಚಿ ಇಟ್ಟರು. ಸಂಪಾದಕಿ ಕೆಲಸದ ಮಾತು ಬಿಟ್ಟು ಬೇರೆ ಆಡುವುದನ್ನು ನಿಲ್ಲಿಸಿದರು. ರಿಜಿಸ್ಟರು ಈಗಲೂ ಅವರ ಡ್ರಾಯರಿನಲ್ಲೇ ಇದೆ; ಗುರುತು ಹಾಕುವಾಗ ಕೇಳಿ ಇಸಿದುಕೊಳ್ಳಬೇಕು.

ಜೂನ್ ಮೂರನೇ ಶನಿವಾರ ಫೋಟೋ ಕೆಲಸಕ್ಕೆಂದು ನರಸೀಪುರಕ್ಕೆ ಹೋಗಿದ್ದೆ. ಅಂಗಡಿಯ ಕಡೆಗೂ ಹೋದೆ. ಹೊರಗೆ ಬೆಂಚಿನ ಮೇಲೆ ಮೂರು ಜನ ಕಾಯುತ್ತಿದ್ದರು. ಬೀದಿಗೆ ಕಾಣುವ ಹಾಗೆ ಬಾಗಿಲ ರೆಕ್ಕೆಯ ಮೇಲೆ ಆ ಹಾಳೆಯ ಮೂಲೆಯನ್ನು ಕತ್ತರಿಸಿ ಅಂಟಿಸಿದ್ದರು. ಆರು ಸಾಲೂ ಇದ್ದವು. ಅದರ ಕೆಳಗೆ, ನನ್ನ ಹೆಸರು ಮತ್ತು ಊರು ಇದ್ದ ಜಾಗದಲ್ಲಿ, ಅಚ್ಚುಕಟ್ಟಾಗಿ ಕತ್ತರಿಸಿದ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿತ್ತು.

ಟೈಲರಕ್ಕ ಒಬ್ಬರ ತೋಳಿನ ಅಳತೆ ತೆಗೆಯುತ್ತಿದ್ದರು. ನಾನು ಅಲ್ಲಿ ನಿಂತು ಆ ಪಟ್ಟಿ ನೋಡುತ್ತಿದ್ದುದನ್ನು ಕಂಡರು.

"ನನ್ ಎಸ್ರು ಓಗಿದ್ದು ಸಾಕು. ನಿಂದ್ಯಾಕೆ ಮಗ ಬೀದೀಲಿ," ಎಂದು ಹೇಳಿ, ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ನನಗೆ ಕೊಟ್ಟರು.